ಮೊಗ್ಗಿನ ಹಾಲು

ನಮ್ಮೂರಿನಲ್ಲಿ ಬಾಗಿಲು ಕಚ್ಚಿಕೊಂಡರೆ ಯಾರೂ ಬಡಗಿಯನ್ನು ಕರೆಯುವುದಿಲ್ಲ. ಆ ಮನೆಯಲ್ಲಿ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ತಿಳಿದುಕೊಳ್ಳುತ್ತಾರೆ. ಸಣ್ಣ ಗುಟ್ಟಾದರೆ ಬಾಗಿಲು ಕಿರುಗುಟ್ಟಿ ಸುಮ್ಮನಾಗುತ್ತದೆ; ಹೆಂಡತಿಗೆ ಹೇಳದೆ ಹೋಟೆಲಿನಲ್ಲಿ ಬೋಂಡಾ ತಿಂದು ಬಂದವನ ಮನೆಯಲ್ಲಿ ಅಷ್ಟೇ ಆಗುವುದು. ದೊಡ್ಡದಾದರೆ ಹೊಸ್ತಿಲಿಗೆ ಅಂಟಿ ಕೂತುಬಿಡುತ್ತದೆ, ನಾಲ್ಕು ಜನ ಹೆಗಲು ಕೊಟ್ಟರೂ ಕದಲುವುದಿಲ್ಲ. ಆದ್ದರಿಂದ ಎಲ್ಲ ಮನೆಗೂ ಬೀದಿ ಕಡೆಗೆ ತಗ್ಗಿನಲ್ಲಿ ಒಂದು ಅಗಲವಾದ ಕಿಟಕಿ, ಕೆಳಗೆ ಎರಡು ಮೆಟ್ಟಿಲು. ಕಿಟಕಿಯಿಂದ ಇಳಿದು ಬಂದವರನ್ನು ಕಾರಣ ಕೇಳುವುದು ಮರ್ಯಾದೆಯಲ್ಲ. ‘ಊಟ ಆಯ್ತಾ’ ಎಂದು ಕೇಳಿ ಮುಂದೆ ಹೋಗಬೇಕು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡುತ್ತಾರೆ. ಹೆಣವನ್ನು ಮಾತ್ರ ಕಿಟಕಿಯಿಂದ ಇಳಿಸಬಾರದು ಎಂಬ ಕಟ್ಟಳೆ ಇರುವುದರಿಂದ, ಹಾಸಿಗೆ ಹಿಡಿದವರ ತಲೆದೆಸೆಯಲ್ಲಿ ಯಾರಾದರೂ ಒಬ್ಬರು ಕೂತು, ‘ಇನ್ನೇನಾದ್ರೂ ಇದ್ರೆ ಹೇಳಿಬಿಡಪ್ಪ, ನಮಗೂ ಅನುಕೂಲ’ ಎನ್ನುತ್ತಿರುತ್ತಾರೆ.

ನಮ್ಮಂಥವರಿಗೆ ಈ ಬಾಗಿಲುಗಳಿಂದ ಒಂದು ಉಪಕಾರವಾಗಿದೆ. ಗಂಡು ಎಂದು ಹೆಸರಿಟ್ಟ ಮಗುವಿಗೆ ತಾನು ಹೆಣ್ಣು ಎಂದು ಒಳಗೊಳಗೇ ತಿಳಿಯುವುದು ಆರೇಳು ವರ್ಷಕ್ಕೆ. ಆಗಿನಿಂದಲೇ ಮನೆಯ ಬಾಗಿಲು ಕಚ್ಚತೊಡಗುತ್ತದೆ. ಅಪ್ಪ ಅಮ್ಮ ಮೊದಲು ಒಬ್ಬರನ್ನೊಬ್ಬರು ಅನುಮಾನಿಸುತ್ತಾರೆ. ನಮ್ಮಪ್ಪ ನಮ್ಮಮ್ಮನ ಪೆಟ್ಟಿಗೆಯನ್ನೆಲ್ಲ ತೆಗೆಸಿ ನೋಡಿದ್ದ. ಒಂದು ದಿನ ನಾನು ಒಲೆಯ ಮುಂದೆ ಕೂತು, ‘ಅಮ್ಮ, ನಾನು ತುಂಗಾ’ ಎಂದೆ. ಬಾಗಿಲು ದಢಾರನೆ ತೆರೆದುಕೊಂಡಿತು. ಆಮೇಲೆ ಅಪ್ಪ ಒಂದು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ, ನಿಜ. ಆದರೆ ನಾನು ಹೇಳಿದ್ದು ಸುಳ್ಳು ಎನ್ನಲು ಅವನಿಗೂ ಬಾಯಿ ಬರಲಿಲ್ಲ.

ನನಗೀಗ ಅರವತ್ತಮೂರು. ಹಾಸಿಗೆ, ದಿಂಬು ಮಾಡುವ ಮನೆ ನಮ್ಮದು. ನನ್ನ ಜೊತೆ ಇರುವವರು ಇಬ್ಬರು. ಮಂದಾಕಿನಿ ಇಪ್ಪತ್ತಾರನೇ ವಯಸ್ಸಿಗೆ ಬಂದವಳು, ಈಗ ಐವತ್ತೊಂದು. ದಬ್ಬಳ ಹಿಡಿದರೆ ಅವಳ ಹೊಲಿಗೆಗೆ ಸಾಟಿಯಿಲ್ಲ. ಪಾರಿಜಾತಳಿಗೆ ಮೂವತ್ತು, ಹತ್ತಿ ಹಿಂಜುತ್ತಾಳೆ, ಬಾಯಿ ಜೋರು. ನನ್ನ ಕೆಲಸ ಕೊನೆಯದು. ತುಂಬಿದ ಹಾಸಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೈಯಾಡಿಸಿ, ಎಲ್ಲಾದರೂ ಹತ್ತಿ ಗಂಟು ಕಟ್ಟಿದೆಯೇ ಎಂದು ನೋಡುವುದು. ಕಡಲೆಕಾಳಿನಷ್ಟು ಗಂಟು ನಾಲ್ಕು ಬೆರಳು ಹತ್ತಿಯ ಕೆಳಗಿದ್ದರೂ ನನಗೆ ಸಿಗುತ್ತದೆ. ತುಂಗಕ್ಕ ಕೈಯಿಟ್ಟ ಹಾಸಿಗೆ ಎಂದರೆ ಮದುವೆ ಮನೆಯವರು ಬೇರೆ ಮಾತಾಡುವುದಿಲ್ಲ.

ಮಾತ್ರೆಯ ವಿಷಯ ಹೇಳಬೇಕು. ಹೆಣ್ಣಿನ ಹಾರ್ಮೋನು ಮಾತ್ರೆ. ನನ್ನ ಕಾಲಕ್ಕೆ ಅದು ಇರಲಿಲ್ಲ. ನನ್ನ ರವಿಕೆಯೊಳಗೆ ನಲವತ್ತು ವರ್ಷದಿಂದ ಇರುವುದು ಬೂರುಗದ ಹತ್ತಿ. ಮಂದಾಕಿನಿಯ ಕಾಲಕ್ಕೆ ಬಸ್ಸಿನಲ್ಲಿ ಎರಡು ಗಂಟೆ ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಬರೆದುಕೊಡತೊಡಗಿದರು. ಮಾತ್ರೆ ಶುರುವಾದ ನಾಲ್ಕೈದು ತಿಂಗಳಿಗೆ ಮೊಲೆತೊಟ್ಟಿನ ಹಿಂದೆ ಹುಣಸೆಬೀಜದಂಥ ಗಟ್ಟಿ ಗಂಟೊಂದು ಕೈಗೆ ಸಿಗುತ್ತದೆ. ಮುಟ್ಟಿದರೆ ಜೀವ ಹೋದಷ್ಟು ನೋವು. ದೊಡ್ಡವರಾಗುವ ಹುಡುಗಿಯರಿಗೆ ಆಗುವುದೂ ಹಾಗೆಯೇ. ನಾವು ಅದನ್ನು ಮೊಗ್ಗು ಎನ್ನುತ್ತೇವೆ. ಮೊಗ್ಗು ಮೂಡಿದವಳನ್ನು ಹೊಸ ಹಾಸಿಗೆಯ ಮೇಲೆ ಕೂರಿಸಿ, ಹೂ ಮುಡಿಸಿ, ಏಲಕ್ಕಿ ಹಾಕಿ ಕಾಯಿಸಿದ ಹಾಲಿಗೆ ಕೆಳಗಿಳಿಸಿದ ಮೇಲೆ ಬೆಲ್ಲ ಕಲಸಿ ಬೆಳ್ಳಿ ಲೋಟದಲ್ಲಿ ಕೊಡುವುದು ನಾನೇ ಹಾಕಿದ ಪದ್ಧತಿ. ನನಗೆ ಸಿಗದೆ ಹೋದದ್ದನ್ನು ಬೇರೆಯವರಿಗೆ ಬಡಿಸುವುದರಲ್ಲಿ ಒಂದು ಸುಖವಿದೆ. ಹತ್ತೊಂಬತ್ತು ಜನಕ್ಕೆ ಕೊಟ್ಟಿದ್ದೇನೆ. ಯಾವ ಊರಿನಲ್ಲಿದ್ದರೂ ಆ ದಿನವನ್ನು ನೆನೆದು ಕಾಗದ ಬರೆಯುತ್ತಾರೆ.

ಹೋದ ಶ್ರಾವಣದಲ್ಲಿ ಮಂದಾಕಿನಿ ಹೊಲಿಯುತ್ತ ಕೂತವಳು, ‘ಅಕ್ಕ, ಇಲ್ಲಿ ನೋಡು, ಏನೋ ಗಂಟು’ ಎಂದಳು. ಎಡಗಡೆ, ಮೇಲ್ಗಡೆ. ರವಿಕೆಯ ಮೇಲಿಂದಲೇ ನಾನು ಕೈಯಿಟ್ಟೆ. ಎರಡು ತಿಂಗಳ ಹಿಂದಷ್ಟೇ ಅವಳಿಗೆ ಬೇರೆ ಮಾತ್ರೆ ಬದಲಾಯಿಸಿದ್ದರು.

‘ಅಯ್ಯೋ ನಿನ್ನ! ಹೊಸ ಮಾತ್ರೆ ಕೆಲಸ ಮಾಡ್ತಿದೆ ಕಣೇ. ಐವತ್ತೊಂದಕ್ಕೆ ಎರಡನೇ ಮೊಗ್ಗು!’ ಎಂದೆ.

‘ಮುದುಕಿಗೆ ಮೊಗ್ಗು, ನನಗೆ ಮಗ್ಗುಲು ನೋವು,’ ಎಂದು ಪಾರಿ ಹತ್ತಿ ಹಿಂಜುತ್ತಲೇ ಕೂಗಿದಳು. ‘ಅವ್ವ, ಈ ಸಲ ನನಗೂ ಒಂದು ಲೋಟ ಹಾಲು ಕೊಡು.’

ಮೂವರೂ ನಕ್ಕೆವು. ಹಾಲು ಕಾಯಿಸಿದೆ. ಮಂದಾಕಿನಿ ನಾಚಿಕೊಂಡು ಕುಡಿದಳು.

ಶ್ರಾವಣದಿಂದ ಆಗಾಗ ಕಿರುಗುಟ್ಟುತ್ತಿದ್ದ ನಮ್ಮ ಬಾಗಿಲು ಕಾರ್ತಿಕ ಮುಗಿಯುತ್ತಿದ್ದಂತೆ ಕಚ್ಚಿತು. ಒಂದು ಬೆಳಿಗ್ಗೆ ರಂಗೋಲಿ ಹಾಕಲು ಎದ್ದು ಎಳೆದರೆ ಬರುತ್ತಿಲ್ಲ. ನಾನು ಎಳೆದೆ, ಪಾರಿ ಎಳೆದಳು, ಕೊನೆಗೆ ಇಬ್ಬರೂ ಸೇರಿ ಎಳೆದು ಹಿಂದಕ್ಕೆ ಬಿದ್ದೆವು. ಕೂತಲ್ಲಿಂದಲೇ ನಾನು ಪಾರಿಯನ್ನು ದುರುಗುಟ್ಟಿಕೊಂಡು ನೋಡಿದೆ.

‘ಯಾರವನು?’

‘ಯಾವನವ್ವ?’

‘ಬಾಗಿಲನ್ನು ಕೇಳು, ಅದು ಹೇಳುತ್ತೆ.’

‘ಬ್ಯಾಂಡಿನ ದಯಾನಂದ ತಾನೇ? ಅದು ಇಡೀ ಬೀದಿಗೆ ಗೊತ್ತು. ಅವನು ಕ್ಲಾರಿನೆಟ್ ಊದೋದೇ ನಮ್ಮನೆ ಮುಂದೆ. ಅದಕ್ಕೆಲ್ಲ ಬಾಗಿಲು ಯಾಕೆ ಕಚ್ಚುತ್ತೆ?’ ಎಂದಳು. ಆಮೇಲೆ ಸ್ವಲ್ಪ ತಡೆದು, ‘ನಿನ್ನ ತುಳಸಿ ಒಣಗಿಹೋಗಿತ್ತು. ಬೇರೆ ಗಿಡ ತಂದು ನೆಟ್ಟೆ. ನೀನು ದಿನಾ ಸುತ್ತು ಹಾಕ್ತಿರೋದು ಹೊಸದಕ್ಕೆ,’ ಎಂದಳು. ಬಾಗಿಲು ಒಂಚೂರು ಕಿರುಗುಟ್ಟಿತು, ಅಷ್ಟೇ.

ನಾನೂ ಹೇಳಿದೆ: ಹೆಡ್ಮಾಸ್ತರರ ದಿಂಬಿಗೆ ಅರ್ಧ ಹಳೇ ಹತ್ತಿ ತುಂಬಿದ್ದು ನಿಜ, ಅವರು ಯಾವಾಗಲೂ ಸಿಡುಕುತ್ತಾರೆಂದು ಬೇಕೆಂದೇ ಮಾಡಿದ್ದು. ಅದಕ್ಕೂ ಕದಲಲಿಲ್ಲ. ಮಂದಾಕಿನಿ ಮೂಲೆಯಲ್ಲಿ ಕೂತು ದಬ್ಬಳಕ್ಕೆ ದಾರ ಪೋಣಿಸುತ್ತಿದ್ದಳು. ದಾರ ಮೂರು ಸಲ ಜಾರಿತು. ಆಗಲೇ ನನಗೆ ತಿಳಿಯಬೇಕಿತ್ತು.

ಹನ್ನೊಂದು ದಿನ ಕಿಟಕಿಯಲ್ಲೇ ಹತ್ತಿ ಇಳಿದೆವು. ನಮ್ಮದು ಹಾಸಿಗೆಯ ಕಸುಬು, ಜೋಡಿ ಹಾಸಿಗೆಯನ್ನು ಕಿಟಕಿಯಿಂದ ಹೊರಗೆ ಕಳಿಸುವುದೆಂದರೆ ಎಮ್ಮೆಯನ್ನು ಅಟ್ಟಕ್ಕೆ ಹತ್ತಿಸಿದ ಹಾಗೆ. ಎದುರುಮನೆಯ ಸರಸಮ್ಮ ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತ ನೋಡುವಳು. ಮಂದಾಕಿನಿ ಹೊಸದಾಗಿ ಬಂದಾಗ, ‘ಮಾತ್ರೆ ನುಂಗಿದ್ರೆ ಮೊಲೆ ಬರಬಹುದು, ಹೆಣ್ಣಾಗೋದು ಅಷ್ಟು ಸುಲಭಾನಾ’ ಎಂದು ನಲ್ಲಿಯ ಹತ್ತಿರ ಎಲ್ಲರ ಮುಂದೆ ಅಂದಿದ್ದವಳು ಇವಳೇ. ಆಮೇಲೆ ನಮಗೂ ಅವಳಿಗೂ ಕೊಡುಕೊಳ್ಳುವ ಬಳಕೆ ಇದೆ, ಸಾರು ಪಲ್ಯ ಓಡಾಡುತ್ತದೆ. ಆದರೂ ಆ ಮಾತು ಮಂದಾಕಿನಿಯ ಮನಸ್ಸಿನಿಂದ ಹೋಗಿರಲಿಲ್ಲ.

ಹನ್ನೆರಡನೇ ದಿನ ಹಾಸಿಗೆಯೊಂದನ್ನು ಸುತ್ತಿ ಕಿಟಕಿಗೆ ತುರುಕುತ್ತಿದ್ದೆವು. ಹೊರಗಿನಿಂದ ಪಾರಿ ಎಳೆದಳು, ಒಳಗಿನಿಂದ ನಾವಿಬ್ಬರು ತಳ್ಳಿದೆವು. ಸುರುಳಿ ಜಾರಿ ಮಂದಾಕಿನಿಯ ಎದೆಗೆ ಬಡಿಯಿತು. ಅವಳು ಗೋಡೆಗೆ ಒರಗಿ ಕೂತು, ಎಡಗೈಯನ್ನು ಮೈಗೆ ಅಂಟಿಸಿಕೊಂಡಳು. ನಾನು ಅವಳ ಮುಖ ನೋಡಿದೆ.

‘ತೆಗೆಯೇ ರವಿಕೆ,’ ಎಂದೆ.

‘ಬೇಡಕ್ಕ.’

‘ಮಂದಾ.’

ತೆಗೆದಳು. ಹಾಸಿಗೆಗೆ ದಬ್ಬಳದಿಂದ ಎಳೆದು ಗಂಟು ಹಾಕಿದ ಜಾಗದಲ್ಲಿ ಗುಳಿ ಬೀಳುತ್ತದಲ್ಲ, ಅವಳ ಎಡ ಮೊಲೆಯ ಮೇಲೆ ಅಂಥದೊಂದು ಗುಳಿ ಬಿದ್ದಿತ್ತು. ಒಳಗಿನಿಂದ ಯಾರೋ ದಾರ ಹಿಡಿದು ಎಳೆದ ಹಾಗೆ. ತೊಟ್ಟು ಒಂದು ಕಡೆಗೆ ಸೊಟ್ಟಗಾಗಿತ್ತು.

‘ಎಷ್ಟು ದಿನ ಆಯ್ತೇ?’

‘ದಸರಾಕ್ಕೆ ಮುಂಚೆಯಿಂದ. ದಿನಾ ಬೆಳೀತಿತ್ತು.’ ಅವಳು ನೆಲ ನೋಡುತ್ತ ಹೇಳಿದಳು. ‘ಹಾಲು ಕುಡಿದಾಗಿತ್ತಲ್ಲಕ್ಕ. ನೀನು ಅಷ್ಟು ಖುಷಿಯಾಗಿದ್ದೆ. ಹೇಗೆ ಹೇಳಲಿ? ಡಾಕ್ಟರಿಗೆ ತೋರಿಸಿದ್ರೆ ಮೊದಲು ಮಾತ್ರೆ ನಿಲ್ಲಿಸ್ತಾರೆ. ಮಾತ್ರೆ ನಿಂತರೆ ನಾನು ಎಲ್ಲಿಗೆ ಹೋಗಲಿ?’

ಹಿಂದೆ ಬಾಗಿಲು ಸದ್ದು ಮಾಡಿತು. ತಿರುಗಿ ನೋಡಿದರೆ ಒಂದು ಗೇಣು ತೆರೆದುಕೊಂಡಿದೆ. ಬೆಕ್ಕು ನುಸುಳಬಹುದು, ಅಷ್ಟು. ಪಾರಿ ಹೊರಗಿನಿಂದ ಓಡಿಬಂದು ದಬ್ಬಿದಳು. ಅದು ಅಲ್ಲೇ ನಿಂತಿತು.

‘ಇನ್ನೂ ಅರ್ಧ ಯಾರದ್ದು?’ ಎಂದಳು ಸಂದಿಯಲ್ಲಿ ಮುಖ ತುರುಕಿ.

ನನಗೆ ಗೊತ್ತಿತ್ತು ಯಾರದೆಂದು. ನಾನು ಮಂದಾಕಿನಿಯ ಪಕ್ಕದಲ್ಲಿ ನೆಲದ ಮೇಲೆ ಕೂತೆ.

‘ಮೊಗ್ಗು ನೋಯುತ್ತೆ ಕಣೇ. ಅವತ್ತು ನಾನು ಒತ್ತಿದಾಗ ನೀನು ಹಾ ಅನ್ನಲಿಲ್ಲ. ಮೊಗ್ಗು ತೊಟ್ಟಿನ ಹಿಂದೆ ಇರುತ್ತೆ, ಇದು ಕಂಕುಳ ಕಡೆಗಿತ್ತು. ನಲವತ್ತು ವರ್ಷ ಗಂಟು ಹುಡುಕಿದ ಕೈ ಇದು. ಮುಟ್ಟಿದ ಕೂಡಲೇ ಇದು ಆ ಗಂಟಲ್ಲ ಅಂತ ನನ್ನ ಬೆರಳಿಗೆ ತಿಳೀತು. ಬಾಯಿ ಮಾತ್ರ ಮೊಗ್ಗು ಅಂದುಬಿಡ್ತು. ಆಮೇಲೆ ನಾನು ಅದನ್ನೇ ನಂಬಿಕೊಂಡೆ.’

ಬಾಗಿಲು ಪೂರ್ತಿ ತೆರೆದು ಗೋಡೆಗೆ ಬಡಿಯಿತು. ಅದಕ್ಕೇ ಆತುಕೊಂಡಿದ್ದ ಪಾರಿ ಮುಗ್ಗರಿಸಿ ಒಳಗೆ ಬಿದ್ದಳು. ಎದುರುಮನೆಯಿಂದ ಸರಸಮ್ಮ ಅಕ್ಕಿಯ ಮೊರ ಹಿಡಿದುಕೊಂಡೇ ಎದ್ದು ನಿಂತಳು. ಮಂದಾಕಿನಿ ನನ್ನನ್ನು ಬೈಯಲಿಲ್ಲ. ರವಿಕೆಯ ಹುಕ್ಕು ಹಾಕಿಕೊಳ್ಳುತ್ತ, ‘ಹಾಲಿಗೆ ಬೆಲ್ಲ ಬೇರೆ ಜಾಸ್ತಿ ಹಾಕಿದ್ದೆ,’ ಎಂದಳು.

ಮರುದಿನ ಮೊದಲ ಬಸ್ಸಿಗೆ ಹೊರಟೆವು. ದೊಡ್ಡ ಊರಿನ ಬಾಗಿಲುಗಳು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತೆರೆದುಕೊಳ್ಳುತ್ತವೆ. ಅಲ್ಲಿ ಯಾರು ಏನು ಹೊತ್ತುಕೊಂಡು ಓಡಾಡುತ್ತಿದ್ದಾರೋ ಹೇಗೆ ಗೊತ್ತಾಗಬೇಕು? ಡಾಕ್ಟರ್ ನಫೀಸಾ ಎಂಬ ಹೆಂಗಸು ನೋಡಿದಳು. ನನ್ನ ಹಾಗೆಯೇ ಕಣ್ಣು ಅರ್ಧ ಮುಚ್ಚಿ ಬೆರಳಾಡಿಸುತ್ತಿದ್ದಳು. ಕೆಲಸ ಬಲ್ಲವಳು ಎಂದು ನನಗೆ ಧೈರ್ಯ ಬಂತು.

‘ಇಪ್ಪತ್ತೈದು ವರ್ಷದಲ್ಲಿ ಯಾವಾಗಲಾದ್ರೂ ಡಾಕ್ಟರಿಗೆ ಎದೆ ತೋರಿಸಿದೀರಾ?’ ಎಂದು ಕೇಳಿದಳು.

‘ಬಿ.ಪಿ. ತೋರಿಸಿದೀನಿ,’ ಎಂದಳು ಮಂದಾಕಿನಿ.

ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನ ಬಿಟ್ಟು ಮತ್ತೆ ಹೋದಾಗ ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು ಹೇಳಿದಳು. ಕ್ಯಾನ್ಸರೇ. ಬೇರೆ ಕಡೆಗೆ ಹರಡಿದ ಹಾಗೆ ಕಾಣುವುದಿಲ್ಲ. ಎಡಗಡೆಯದನ್ನು ತೆಗೆಯಬೇಕು, ಆಮೇಲೆ ಔಷಧಿ.

‘ನಮ್ಮಂಥವರಿಗೂ ಬರುತ್ತಾ ಇದು?’ ಎಂದೆ ನಾನು.

‘ಗಂಡಸರಿಗಿಂತ ಜಾಸ್ತಿ, ಬೇರೆ ಹೆಂಗಸರಿಗಿಂತ ಕಡಿಮೆ. ಮೊಲೆ ಇದ್ದ ಮೇಲೆ ಅದರ ಕಾಯಿಲೆಯೂ ಬರಬಹುದಲ್ಲಮ್ಮ. ಎಲ್ಲಿಂದ ಬಂದ ಮೊಲೆ ಅಂತ ಅದು ಕೇಳಲ್ಲ.’

ಮಂದಾಕಿನಿಗೆ ಅಳುವಿನ ಮಧ್ಯೆ ವಿಚಿತ್ರವಾದ ನಗು ಬಂತು. ‘ಹಂಗಾದ್ರೆ ನನಗೆ ಬಂದಿರೋದು ಹೆಂಗಸರ ಕಾಯಿಲೆ,’ ಎಂದಳು. ನಗು ಅಲ್ಲೇ ನಿಂತಿತು, ಏಕೆಂದರೆ ಡಾಕ್ಟರು ಮುಂದಿನ ಮಾತು ಹೇಳಿದಳು: ಈ ಗಡ್ಡೆ ಹೆಣ್ಣಿನ ಹಾರ್ಮೋನನ್ನೇ ಉಂಡು ಬೆಳೆಯುವಂಥದ್ದು. ಆದ್ದರಿಂದ ಆ ಮಾತ್ರೆ ಇನ್ನು ಬೇಡ.

‘ಗಡ್ಡ ಬರುತ್ತಾ?’

‘ಇಲ್ಲ. ನಿಮಗೆ ಕೆಳಗಿನ ಆಪರೇಷನ್ ಆಗಿದೆಯಲ್ಲ, ಗಂಡಸಿನ ಹಾರ್ಮೋನು ಹಿಂದಕ್ಕೆ ಬರಲ್ಲ. ಮುಟ್ಟು ನಿಂತ ಹೆಂಗಸರಿಗೆ ಆಗೋ ಹಾಗೆ ಆಗುತ್ತೆ. ಮೈಯೆಲ್ಲ ಬಿಸಿ, ಬೆವರು, ಸಿಟ್ಟು. ಮೂಳೆ ಜೋಪಾನ ಮಾಡ್ಕೋಬೇಕು.’

ಮಂದಾಕಿನಿ ಮನೆಗೆ ಬಂದು ಕೈಕಾಲು ತೊಳೆದು, ಮಾತ್ರೆಯ ಪಟ್ಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ‘ಆಪರೇಷನ್ ಮಾಡಿಸ್ಕೋತೀನಿ. ಕೊಯ್ದು ಹಾಕಲಿ. ಆದ್ರೆ ಮಾತ್ರೆ ಬಿಡಲ್ಲ,’ ಎಂದಳು.

‘ಒಂದು ಕಡೆ ಕೊಯ್ಸಿಕೊಂಡು ಇನ್ನೊಂದು ಕಡೆ ಅದಕ್ಕೆ ಊಟ ಹಾಕ್ತೀಯಾ?’ ಎಂದೆ.

‘ಹೂಂ, ಹಾಕ್ತೀನಿ. ನನ್ನ ಮೈ, ನನ್ನ ಊಟ.’

ಅವಳು ಏನನ್ನೂ ಮುಚ್ಚಿಡದೆ ಜಗಳವಾಡುತ್ತಿದ್ದುದರಿಂದ ಬಾಗಿಲು ಹಾರುಹೊಡೆದುಕೊಂಡೇ ಇತ್ತು, ಬೀದಿಯವರೆಲ್ಲ ಕೇಳಿಸಿಕೊಂಡರು. ಪಾರಿ ಅತ್ತಳು, ಬೈದಳು, ಒಂದು ಹೊತ್ತು ಊಟ ಬಿಟ್ಟಳು. ಮಂದಾಕಿನಿ ಅವಳ ತಟ್ಟೆಯದನ್ನೂ ತಾನೇ ಉಂಡಳು. ಹೀಗೆ ಒಂದು ವಾರ ಹೋಯಿತು. ಆಪರೇಷನ್ನಿಗೆ ಇನ್ನು ಐದು ದಿನ ಉಳಿದಿತ್ತು.

ಮಧ್ಯಾಹ್ನ ಊಟವಾದ ಮೇಲೆ ನಾನು ಒಳಕೋಣೆಗೆ ಕರೆದೆ. ಅವಳ ಎದುರಿಗೆ ರವಿಕೆಯ ಹುಕ್ಕು ಬಿಚ್ಚಿ, ಹತ್ತಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡೆ. ಇಪ್ಪತ್ತೈದು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ನನ್ನ ಬರಿ ಎದೆಯನ್ನು ನೋಡಿರಲಿಲ್ಲ. ನಾನೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿರಲಿಲ್ಲ.

‘ನೋಡು. ಒಂದು ಮಾತ್ರೇನೂ ನುಂಗಿಲ್ಲ. ಇಷ್ಟೇ ಇರೋದು. ಇದನ್ನಿಟ್ಕೊಂಡೇ ಇಷ್ಟು ವರ್ಷ ತುಂಗಕ್ಕ ಅನ್ನಿಸ್ಕೊಂಡಿದೀನಿ.’

ಅವಳು ಕರಗುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯಾಡಿಸಿದಳು. ‘ನಿನ್ನದು ಬೇರೆ ಅಕ್ಕ. ನಿನಗೆ ಇರಲೇ ಇಲ್ಲ. ಬಂದದ್ದನ್ನು ಕಳಕೊಳ್ಳೋದು ಬೇರೆ.’

ಅವಳು ಹೇಳಿದ್ದು ನಿಜ. ಹತ್ತಿಯನ್ನು ಮತ್ತೆ ಒಳಗೆ ತುರುಕಿಕೊಳ್ಳಲು ಹೋದೆ.

‘ತಡಿ,’ ಎಂದಳು. ಹತ್ತಿರ ಬಂದು, ಡಾಕ್ಟರು ಅವಳಿಗೆ ಮಾಡಿದ ಹಾಗೆಯೇ ಮೂರು ಬೆರಳು ಜೋಡಿಸಿ, ನನ್ನ ಎದೆಯ ಮೇಲೆ ಸುತ್ತ ಸುತ್ತ ಒತ್ತಿ ನೋಡಿದಳು. ಎಡಗಡೆ, ಬಲಗಡೆ, ಎರಡು ಕಂಕುಳ. ಅವಳ ಹುಬ್ಬು ಗಂಟಿಕ್ಕಿತ್ತು. ಗುಳಿ ಬಿದ್ದ ಎದೆಯವಳು ನನಗೇನಾದರೂ ಇದೆಯೋ ಎಂದು ಹುಡುಕುತ್ತಿದ್ದಾಳೆ.

‘ಏನಿದೆಯೇ?’

‘ಏನಿಲ್ಲ. ಬರೀ ಮೂಳೆ. ಕೋಳಿ ಅಂಗಡಿಯವನೂ ತಗೊಳಲ್ಲ ನಿನ್ನನ್ನ,’ ಎಂದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ನಗುತ್ತಿದ್ದವಳು ನನ್ನ ಮೂಳೆಗೇ ತಲೆಯೊರಗಿಸಿ ಅತ್ತಳು. ಏಳುವಾಗ ಸೆರಗಿನ ಗಂಟು ಬಿಚ್ಚಿ, ಪಟ್ಟಿಯನ್ನು ನನ್ನ ಮಡಿಲಿನ ಹತ್ತಿಯ ಮೇಲೆ ಹಾಕಿದಳು. ‘ಕೊಡು ಅಂತ ನಾಳೆ ಕೇಳ್ತೀನಿ. ಕೊಡಬೇಡ,’ ಎಂದಳು. ಕೇಳಿದಳು. ಕೊಡಲಿಲ್ಲ. ಮೂರು ದಿನ ನನ್ನನ್ನು ‘ಮುದಿ ಗೂಬೆ’ ಎಂದು ಕರೆದಳು. ನಾಲ್ಕನೇ ದಿನ ನಿಂತಿತು.

ಆಪರೇಷನ್ ಆಯಿತು. ಆಮೇಲೆ ಕೂದಲು ಉದುರುವ ಔಷಧಿ ನಾಲ್ಕು ಸಲ, ಅದೂ ಆಯಿತು. ತೆಗೆದ ಕಡೆಗೆ ನಾನೇ ಬೂರುಗದ ಹತ್ತಿಯ ಸಣ್ಣ ದಿಂಬು ಹೊಲಿದುಕೊಟ್ಟೆ. ಭಾರವಿಲ್ಲದ್ದರಿಂದ ಅದು ನಡೆದಾಡುವಾಗ ಗಂಟಲವರೆಗೆ ಏರಿ ಬರುತ್ತಿತ್ತು. ಪಾರಿ ಒಳಗೆ ಒಂದು ಹಿಡಿ ಸಾಸಿವೆ ಸೇರಿಸಿದಳು. ಈಗ ತೂಕ ಸರಿಹೋಗಿದೆ. ‘ಬೆವರಿಗೆ ಮೊಳಕೆ ಬಂದರೆ ಸೊಪ್ಪು ಕಿತ್ತು ಹುಳಿ ಮಾಡ್ತೀನಿ’ ಎಂದು ಪಾರಿ ಆಡಿಕೊಳ್ಳುತ್ತಾಳೆ.

ಬೆವರಿಗೇನೂ ಕಡಿಮೆಯಿಲ್ಲ. ಡಾಕ್ಟರು ಹೇಳಿದ ಹಾಗೆಯೇ ಬಿಸಿ ಏರತೊಡಗಿತು. ಹೊಲಿಯುತ್ತ ಕೂತವಳು ಇದ್ದಕ್ಕಿದ್ದಂತೆ ಕೆಂಪಗಾಗಿ, ಬೀಸಣಿಗೆ ಹಿಡಿದು ಜಗಲಿಗೆ ಓಡುವಳು. ಎದುರುಮನೆಯ ಸರಸಮ್ಮನಿಗೂ ಅದೇ ಕಾಲ. ಅವಳೂ ಜಗಲಿಗೆ ಬರುವಳು. ಮೊದಮೊದಲು ಬೀದಿಯ ಆ ಕಡೆ ಈ ಕಡೆಯಿಂದಲೇ ಬೀಸಿಕೊಳ್ಳುತ್ತಿದ್ದರು. ಆಮೇಲೆ ಮಾತಿಗಿಳಿದರು.

‘ನಿಮಗೆ ಕಿವಿಯಲ್ಲೂ ಬಿಸಿ ಬರುತ್ತಾ ಮಂದಕ್ಕ?’

‘ಕಿವೀಲಿ ಅನ್ನ ಬೇಯಿಸಬಹುದು.’

ಸಂಜೆ ಹೊತ್ತಿಗೆ ಇನ್ನೂ ಇಬ್ಬರು ಮೂವರು ಸೇರುತ್ತಾರೆ, ಗಂಡಂದಿರನ್ನು ಬೈಯುತ್ತಾರೆ, ಸೀಬೆಹಣ್ಣು ಹೆಚ್ಚಿ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತಾರೆ. ಮಂದಾಕಿನಿ ಬೈಯಲು ಗಂಡನಿಲ್ಲದೆ ನನ್ನನ್ನು ಬೈಯುತ್ತಾಳೆ. ಇದು ನನಗೆ ಕೇಳಿಸುತ್ತದೆ. ಒಳಗೆ ಕೂತು ಸುಖವಾಗಿ ಕೇಳಿಸಿಕೊಳ್ಳುತ್ತೇನೆ.

ಹೋದ ವಾರ ಸರಸಮ್ಮನ ಮನೆಯವರು ಕಿಟಕಿಯಿಂದ ಇಳಿಯತೊಡಗಿದರು. ನಾವು ಊಟ ಆಯ್ತಾ ಎಂದು ಕೇಳಿ ಸುಮ್ಮನಾದೆವು. ಆರನೇ ದಿನ ಬೆಳಿಗ್ಗೆ ಅವಳು ಒಬ್ಬಳೇ ಕಿಟಕಿಯಿಂದಿಳಿದು, ಸೀರೆ ಸರಿಮಾಡಿಕೊಂಡು, ಬೀದಿ ದಾಟಿ ನಮ್ಮ ಮನೆಗೆ ಬಂದಳು. ನನ್ನನ್ನೂ ಪಾರಿಯನ್ನೂ ನೋಡಲೇ ಇಲ್ಲ. ನೇರವಾಗಿ ಮಂದಾಕಿನಿಯ ಮುಂದೆ ಹೋಗಿ ನಿಂತಳು.

‘ಮಂದಕ್ಕ, ಸ್ವಲ್ಪ ಒಳಗೆ ಬರ್ತೀರಾ? ನಮ್ಮನೆಯವರಿಗೂ ಹೇಳಿಲ್ಲ. ಗಂಡಸರಿಗೆ ಇದೆಲ್ಲ ಹೇಗೆ ಹೇಳೋದು? ಹೆಂಗಸರ ವಿಷಯ.’

ಮಂದಾಕಿನಿ ದಬ್ಬಳವನ್ನು ಹಾಸಿಗೆಗೆ ಚುಚ್ಚಿಟ್ಟು ಎದ್ದಳು. ಒಳಕೋಣೆಯಿಂದ ಹುಕ್ಕು ಬಿಚ್ಚುವ ಸದ್ದು ಕೇಳಿಸಿತು. ಪಾರಿ ಹಿಂಜುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

‘ಒಂದು ಏನೋ ಸಿಕ್ಕುತ್ತೆ,’ ಎಂದು ಮಂದಾಕಿನಿಯ ದನಿ ಕೇಳಿಸಿತು. ‘ಜಾರಾಡುತ್ತೆ, ಮೆತ್ತಗಿದೆ. ನನ್ನದು ಹೀಗಿರಲಿಲ್ಲ. ಏನೂ ಇಲ್ಲದೆಯೂ ಇರಬಹುದು ಸರಸಮ್ಮ. ಆದ್ರೆ ಅದನ್ನು ಹೇಳೋಳು ನಾನಲ್ಲ. ಹುಕ್ಕು ಹಾಕ್ಕೊಳ್ಳಿ. ಹತ್ತು ಗಂಟೆ ಬಸ್ಸು ಸಿಗುತ್ತೆ. ಹೋಗ್ತಾ ದಾರೀಲಿ ನಿಮ್ಮ ಯಜಮಾನರಿಗೆ ಹೇಳಿ ಹೋಗೋಣ.’

ಇಬ್ಬರೂ ಹೊರಗೆ ಬಂದರು. ಸರಸಮ್ಮನ ಕಣ್ಣು ಕೆಂಪಗಾಗಿತ್ತು. ಮಂದಾಕಿನಿ ಗೂಟದಿಂದ ಚೀಲ ತೆಗೆದುಕೊಂಡು, ಬೀಸಣಿಗೆ ಎರಡನ್ನು ಅದರೊಳಗೆ ಹಾಕಿ, ನನಗೆ ‘ಹೋಗಿ ಬರ್ತೀವಕ್ಕ’ ಎಂದಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಸರಸಮ್ಮ ಅವಳ ತೋಳು ಹಿಡಿದುಕೊಂಡಳು.

‘ಸೂಜಿ ಹಾಕ್ತಾರಂತಲ್ಲ. ತುಂಬ ನೋಯುತ್ತಾ?’

‘ನೋಯುತ್ತೆ,’ ಎಂದಳು ಮಂದಾಕಿನಿ. ‘ಆಮೇಲೆ ಸಿಕ್ಕಾಪಟ್ಟೆ ಹಸಿವಾಗುತ್ತೆ. ಬಸ್‌ಸ್ಟ್ಯಾಂಡ್ ಹತ್ರ ಒಂದು ಹೋಟೆಲಿದೆ, ಪೂರಿ ಚೆನ್ನಾಗಿ ಮಾಡ್ತಾರೆ. ಬನ್ನಿ.’